ನಗರದ ನಡುಮನೆಯಲ್ಲಿ ನಾಲ್ಕು ರಾತ್ರಿ



ಪ್ರವಾಸಕ್ಕೆ ಹೊರಡುವವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ, "ಅಲ್ಲಿ ನೋಡುವಂಥದ್ದು ಏನೇನು ಉಂಟು?" ಎಂಬುದು. "ಅಲ್ಲಿ ಎಲ್ಲಿ ಇಳಿದುಕೊಳ್ಳಬೇಕು?" ಎಂದು ಕೇಳುವವರು ವಿರಳ. ನಮ್ಮ ಹಿರಿಯರು ಕಾಶಿಗೆ ಹೋದರೂ ರಾಮೇಶ್ವರಕ್ಕೆ ಹೋದರೂ ಛತ್ರವನ್ನೋ ಮಠವನ್ನೋ ಬೀಗರ ಮನೆಯನ್ನೋ ನಂಬಿ ಹೋಗುತ್ತಿದ್ದರು. ನಮ್ಮ ಕೋಸಗಿಯಲ್ಲಂತೂ ಇಂದಿಗೂ ಹೋಟೆಲು ಎಂದರೆ ಒಗ್ಗಾಣಿ ಮಿರ್ಚಿ ತಿಂದು ಚಹ ಕುಡಿದು ಎದ್ದುಬರುವ ಸ್ಥಳ. ಅಲ್ಲಿ ಮಲಗುವ ಮಾತೇ ಇಲ್ಲ. ಆದರೆ ಬೀಗರೂ ಇಲ್ಲದ, ಮಠವೂ ಇಲ್ಲದ, ಸಮುದ್ರದ ನಡುವಿನ ಊರಿಗೆ ಹೋಗಬೇಕಾದಾಗ ಈ ಎರಡನೆಯ ಪ್ರಶ್ನೆಯೇ ಮೊದಲನೆಯದಾಗುತ್ತದೆ. ಕಳೆದ ಬೇಸಿಗೆಯಲ್ಲಿ ನಮಗೂ ಹಾಗೆಯೇ ಆಯಿತು.

ನಾವು ಹೊರಟದ್ದು ಅಂಡಮಾನಿಗೆ. ಜೊತೆಯಲ್ಲಿ ನಮ್ಮ ಮನೆಯವರು, ಎಪ್ಪತ್ತು ದಾಟಿದ ನಮ್ಮ ತಾಯಿಯವರು. ಸುದ್ದಿ ತಿಳಿದ ಓಣಿಯ ಹಿರಿಯರೊಬ್ಬರು ಮನೆಯವರೆಗೂ ಬಂದು, "ಏನಮ್ಮಾ, ಕರಿನೀರಿಗೆ ಹೊಂಟೀರಂತೆ? ಹೋದೋರು ತಿರುಗಿ ಬಂದದ್ದು ಕೇಳಿಲ್ಲಲ್ಲ!" ಎಂದು ನಗೆಯಾಡಿದರು. ಕರಿನೀರಿನ ಶಿಕ್ಷೆ ಎಂಬ ಮಾತಿನ ಭಯವು ಶಿಕ್ಷೆಯು ನಿಂತು ಇಷ್ಟು ಕಾಲವಾದರೂ ನಮ್ಮ ಕನ್ನಡದಲ್ಲಿ ಉಳಿದುಕೊಂಡಿದೆ. ತಾಯಿಯವರು ಮಾತ್ರ ಅಂಜಲಿಲ್ಲ. "ನೀರಂತೂ ಐತಲ್ಲ, ಕರೀದಾದ್ರೇನು, ಕೆಂಪಾದ್ರೇನು?" ಎಂದುಬಿಟ್ಟರು. ಬೇಸಿಗೆಯ ಕೋಸಗಿಯಲ್ಲಿ ಬಾಳಿದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದವಾನಿಯಲ್ಲಿ ರೈಲು ಹತ್ತಿ ಮದರಾಸಿಗೆ, ಅಲ್ಲಿಂದ ವಿಮಾನದಲ್ಲಿ ಎರಡು ಗಂಟೆಗಳಿಗೆ ಸ್ವಲ್ಪ ಹೆಚ್ಚಿನ ಪಯಣ. ಮದರಾಸು, ಕಲ್ಕತ್ತ, ವಿಶಾಖಪಟ್ಟಣಗಳಿಂದ ಹಡಗುಗಳೂ ಉಂಟು. ಆದರೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ಆ ಸಮುದ್ರವನ್ನು ದಾಟಲು ಅವಕ್ಕೆ ಸುಮಾರು ಮೂರು ದಿನ ಹಿಡಿಯುತ್ತದೆ. ನಾವು ಇಳಿದ ರಾಜಧಾನಿಗೆ ಪೋರ್ಟ್ ಬ್ಲೇರ್ ಎಂಬುದು ಬಹುಕಾಲದ ಹೆಸರು. 1789ರಲ್ಲಿ ಇಲ್ಲಿ ಮೊದಲು ನೆಲೆ ಊರಿದ ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿಯಿಂದ ಬಂದದ್ದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಇದಕ್ಕೆ ಶ್ರೀ ವಿಜಯಪುರಂ ಎಂದು ಹೊಸ ಹೆಸರನ್ನಿಟ್ಟಿತು. ಅಂಗಡಿಬೀದಿಯ ಬಾಯಲ್ಲಿ ಹಳೆಯ ಹೆಸರು ಇನ್ನೂ ಸವೆದಿಲ್ಲ.

ಇಳಿದುಕೊಳ್ಳುವ ವಿಷಯದಲ್ಲಿ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಊರ ಹೊರಗೆ ಕಡಲ ತೀರದಲ್ಲಿ ತೆಂಗಿನ ತೋಪಿನ ನಡುವೆ ಇರುವ ವಿಹಾರಗೃಹವೊಂದನ್ನು ಚಿತ್ರದಲ್ಲಿ ಕಂಡು ನಮ್ಮ ಮನೆಯವರು ಮೆಚ್ಚಿದ್ದರು. ನಾವು ಅಬರ್ಡೀನ್ ಬಜಾರಿನ ಸಮೀಪದ ಸಾಧಾರಣ ವಸತಿಗೃಹವೇ ಲೇಸೆಂದು ವಾದಿಸಿದೆವು. ದೂರದ ಸ್ಕಾಟ್ಲೆಂಡಿನ ಊರೊಂದರ ಹೆಸರನ್ನು ಹೊತ್ತ ಈ ಬಜಾರೇ ನಗರದ ಮಧ್ಯಭಾಗ. ಗಡಿಯಾರದ ಗೋಪುರ, ಬಸ್ಸು ನಿಲ್ದಾಣ, ಬಟ್ಟೆ ದಿನಸಿಗಳ ಅಂಗಡಿಗಳು, ಇಡ್ಲಿ ದೋಸೆಯ ಹೋಟೆಲುಗಳು ಎಲ್ಲವೂ ಅಲ್ಲಿಯೇ. ಸೆಲ್ಯುಲರ್ ಜೈಲಿಗೂ ದೋಣಿಕಟ್ಟೆಗೂ ನಡೆದೇ ಹೋಗಬಹುದು. ವೃದ್ಧರ ಜೊತೆಗೆ ಹೋಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ಇನ್ನೊಂದು ಕಾರಣವನ್ನೂ ವಾಚಕರು ಗಮನಿಸಬೇಕು. ಕೋಸಗಿಗಿಂತ ಈ ಊರು ಹದಿನೈದು ರೇಖಾಂಶಗಳಿಗೂ ಹೆಚ್ಚು ಪೂರ್ವಕ್ಕಿದೆ. ರೇಖಾಂಶವೊಂದಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಇಲ್ಲಿ ಸೂರ್ಯನು ನಮ್ಮೂರಿಗಿಂತ ಒಂದು ಗಂಟೆ ಮೊದಲೇ ಹುಟ್ಟಿ ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಸಂಜೆ ಐದೂವರೆಯ ಸುಮಾರಿಗೆ ಹೊತ್ತು ಮುಳುಗಿಬಿಡುತ್ತದೆ. ಊರ ಹೊರಗೆ ತಂಗಿದವರು ಆಮೇಲೆ ಕೋಣೆಯಲ್ಲಿ ಕುಳಿತು ಗೋಡೆಯನ್ನು ನೋಡಬೇಕು. ನಡುವೂರಿನಲ್ಲಿ ತಂಗಿದವರಿಗೆ ದೀಪದ ಬೀದಿ ಇದೆ. ವಾದದಲ್ಲಿ ನಾವು ಗೆದ್ದೆವು. ಗೆದ್ದದ್ದರ ನಿಜವಾದ ಫಲವೇನೆಂಬುದು ಎರಡನೆಯ ದಿನ ತಿಳಿಯಿತು.

ವಸತಿಗೃಹದ ಕಟ್ಟೆಯ ಹಿಂದೆ ಕುಳಿತಿದ್ದ ಯುವಕನು ದಾಖಲೆಯ ಪುಸ್ತಕವನ್ನು ಮುಂದಿಟ್ಟ. ಊರು ಕೋಸಗಿ, ಜಿಲ್ಲೆ ಕರ್ನೂಲು, ರಾಜ್ಯ ಆಂಧ್ರಪ್ರದೇಶ ಎಂದು ಬರೆದೆವು. ಅದನ್ನು ಕಂಡದ್ದೇ ಅವನು ಹಿಂದಿಯನ್ನು ಬಿಟ್ಟು ತಿಳಿಯಾದ ತೆಲುಗಿನಲ್ಲಿ ಮಾತಿಗೆ ತೊಡಗಿದ. ನಮ್ಮ ಕಡೆಯವರಿಗೆ ತೆಲುಗೇನು ಹೊಸದೇ? ತಾಯಿಯವರು ಅವನಿಗೆ ತೆಲುಗಿನಲ್ಲಿ ಉತ್ತರ ಕೊಟ್ಟು, ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಹುಡುಗ ಒಳ್ಳೇವನದಾನ" ಎಂದರು. "ಇದಾವ ಭಾಷೆ?" ಎಂದು ಅವನು ಬೆರಗಾದ. ನಮ್ಮ ಆದವಾನಿ ತಾಲ್ಲೂಕು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋಗಿ ಬಳ್ಳಾರಿಯು ಮೈಸೂರಿಗೆ ಬಂದದ್ದು, ಗಡಿ ಸರಿದರೂ ಅಡಿಗೆಮನೆಯ ಭಾಷೆ ಸರಿಯದೆ ಉಳಿದದ್ದು ಇವನ್ನೆಲ್ಲ ಚುಟುಕಾಗಿ ಹೇಳಿದೆವು.

ಅವನು ಕೇಳಿ ನಕ್ಕು ತನ್ನ ಕಥೆಯನ್ನು ಹೇಳಿದ. ಅವನು ಇಲ್ಲಿಯವರು 'ಲೋಕಲ್ ಬಾರ್ನ್' ಎಂದು ಕರೆಯುವ ಮನೆತನದವನು. 1942ಕ್ಕೆ ಮೊದಲೇ ಇಲ್ಲಿ ನೆಲೆಸಿದ ಕೈದಿಗಳ ಮತ್ತು ವಲಸಿಗರ ಸಂತತಿಗೆ ಆ ಹೆಸರು. ಶಿಕ್ಷೆಯ ಅವಧಿಯಲ್ಲಿ ನಡತೆಯಿಂದ ಮೆಪ್ಪು ಪಡೆದವರಿಗೆ ಸ್ವಂತ ದುಡಿಮೆ ಮಾಡಿಕೊಂಡು, ಹೆಣ್ಣು ಕೈದಿಗಳಲ್ಲಿ ಒಬ್ಬಳನ್ನು ಮದುವೆಯಾಗಿ ಸಂಸಾರ ಹೂಡಲು ಆಗಿನ ಆಡಳಿತವು ಅನುಮತಿ ಕೊಡುತ್ತಿತ್ತು. ಒಬ್ಬನು ಪಂಜಾಬಿನವನು, ಅವಳು ಮದರಾಸು ಸೀಮೆಯವಳು. ಜಾತಿ ಭಾಷೆಗಳ ವಿಚಾರಣೆ ಅಲ್ಲಿ ನಡೆಯುವಂತಿರಲಿಲ್ಲ. ಮನೆಯಲ್ಲಿ ಹಿಂದುಸ್ತಾನಿಯೇ ಮಾತೃಭಾಷೆಯಾಯಿತು. "ನಮ್ಮ ಹಿರಿಯರ ಊರು ಯಾವುದೆಂದು ನಮಗೆ ತಿಳಿಯದು. ತೆಲುಗು ಕಲಿತದ್ದು ನೆರೆಮನೆಯವರಿಂದ" ಎಂದ. 2011ರ ಜನಗಣತಿಯಲ್ಲಿ ಈ ದ್ವೀಪಗಳ ಒಟ್ಟು ಜನಸಂಖ್ಯೆ 3,80,581. ಅವರಲ್ಲಿ ಬಂಗಾಳಿಗಳು ಎಲ್ಲರಿಗಿಂತ ಹೆಚ್ಚು, ಅವರ ತರುವಾಯ ಹಿಂದಿ, ತಮಿಳು, ತೆಲುಗು ಆಡುವವರು. ಬಂಗಾಳಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳೂ ಇಲ್ಲಿ ಉಂಟು. ನಮ್ಮ ಗಡಿಸೀಮೆಯ ಕನ್ನಡ ಶಾಲೆಗಳನ್ನು ನೆನೆದು ಮನಸ್ಸು ಹಗುರಾಯಿತು, ಹಾಗೆಯೇ ಭಾರವೂ ಆಯಿತು.

ಕೋಣೆಯು ಚಿಕ್ಕದು. ಕಿಟಕಿಯಿಂದ ಕಡಲು ಕಾಣುವುದಿಲ್ಲ. ಹಿಂದಿನ ಓಣಿ, ತಗಡಿನ ಮಾಡುಗಳು, ಏರಿನ ಮೇಲೆ ಏರಾಗಿ ಕಟ್ಟಿದ ಮನೆಗಳು ಕಾಣುತ್ತವೆ. ನಮ್ಮ ಮನೆಯವರು ಮಾತನಾಡಲಿಲ್ಲ. ಮಾತನಾಡದಿರುವುದೂ ಒಂದು ಮಾತೇ ಎಂಬುದನ್ನು ಗೃಹಸ್ಥರಾದ ವಾಚಕರು ಬಲ್ಲರು.

ಮೊದಲ ದಿನ ಸೆಲ್ಯುಲರ್ ಜೈಲನ್ನು ಕಂಡೆವು. 1896ರಲ್ಲಿ ಕಟ್ಟತೊಡಗಿ 1906ರಲ್ಲಿ ಮುಗಿಸಿದ ಕಟ್ಟಡವಿದು. ನಡುವೆ ಕಾವಲಿನ ಗೋಪುರ; ಅದರಿಂದ ಚಕ್ರದ ಅರಗಳಂತೆ ಏಳು ಸಾಲುಗಳು; ಒಂದು ಸಾಲಿನ ಮುಖಕ್ಕೆ ಇನ್ನೊಂದು ಸಾಲಿನ ಬೆನ್ನು. ಒಬ್ಬ ಕೈದಿಯು ಇನ್ನೊಬ್ಬನ ಮುಖವನ್ನು ಕಾಣಬಾರದು, ದನಿಯನ್ನು ಕೇಳಬಾರದು ಎಂಬುದೇ ಈ ರಚನೆಯ ಉದ್ದೇಶ. ಸುಮಾರು ಏಳುನೂರು ಕೋಣೆಗಳಲ್ಲಿ ಒಂದೊಂದರಲ್ಲಿ ಒಬ್ಬೊಬ್ಬ. ಈಗ ಉಳಿದಿರುವುದು ಮೂರು ಸಾಲುಗಳು ಮಾತ್ರ. ಕೆಡವಿದ ಸಾಲುಗಳ ನೆಲದಲ್ಲಿ ಆಸ್ಪತ್ರೆಯು ನಿಂತಿದೆ. 1979ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು. ಕೈದಿಗಳು ಎತ್ತಿನಂತೆ ಸುತ್ತಿ ತೆಂಗಿನೆಣ್ಣೆ ತೆಗೆಯಬೇಕಾಗಿದ್ದ ಗಾಣವನ್ನು ತಾಯಿಯವರು ಮುಟ್ಟಿ ನೋಡಿ, ಕೈಯನ್ನು ಹಣೆಗೆ ಒತ್ತಿಕೊಂಡರು. ಅಲ್ಲಿಂದ ಹಿಂತಿರುಗಿದ ಮೇಲೆ ನಮ್ಮ ವಸತಿಗೃಹದ ಕೋಣೆಯು ಚಿಕ್ಕದೆಂದು ಯಾರಿಗೂ ಅನ್ನಿಸಲಿಲ್ಲ.

ಎರಡನೆಯ ದಿನದ ಬೆಳಗು. ಐದು ಗಂಟೆಗೆಲ್ಲ ಬೆಳಕು ಹರಿದಿತ್ತು. ಹಿಂದಿನ ಸಂಜೆ ಸೆಕೆಯೆಂದು ನಾವು ಮೂರು ಬಕೀಟು ನೀರನ್ನು ಮೈಮೇಲೆ ಧಾರಾಳವಾಗಿ ಹೊಯ್ದುಕೊಂಡಿದ್ದೆವು. ಬೆಳಿಗ್ಗೆ ನಲ್ಲಿಯನ್ನು ತಿರುಗಿಸಿದರೆ ಗಾಳಿಯ ಸದ್ದು. ಕಾಸು ಎಣಿಸಿಕೊಟ್ಟ ಅತಿಥಿಗೆ ನೀರಿಲ್ಲವೇ ಎಂದು ನಮಗೆ ಕೋಪವುಕ್ಕಿತು. ಕಠಿಣವಾದ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೇ ಕೆಳಗಿಳಿದೆವು. ಅಷ್ಟರಲ್ಲಿ ಕೆಲಸದ ಹೆಂಗಸೊಬ್ಬಳು ಒಂದು ಬಕೀಟು ನೀರನ್ನು ಹೊತ್ತು ಮೆಟ್ಟಿಲು ಹತ್ತಿ ಬಂದು, "ಅವ್ವಗಾರಿಕಿ" ಎಂದು ಕೊಟ್ಟಳು. ನಾವು ಅದನ್ನು ಒಳಕ್ಕೆ ಒಯ್ದು, ತಾಯಿಯವರು ಇನ್ನೂ ನಿದ್ರೆಯಲ್ಲಿದ್ದಾರೆಂದುಕೊಂಡು, ನಾವೇ ಸ್ನಾನ ಮುಗಿಸಿಬಿಟ್ಟೆವು. ಇದನ್ನು ಬರೆಯಲು ನಮಗೆ ಈಗಲೂ ಸಂಕೋಚವಾಗುತ್ತದೆ.

ತಾಯಿಯವರು ನಿದ್ರೆಯಲ್ಲಿರಲಿಲ್ಲ. ಹಿಂದಿನ ಓಣಿಗೆ ಇಳಿಯುವ ಮೆಟ್ಟಿಲಿನ ಮೇಲೆ ಕುಳಿತು ಕೆಳಗಡೆ ನೋಡುತ್ತಿದ್ದರು. ಓಣಿಯಲ್ಲಿ ಬಣ್ಣಬಣ್ಣದ ಬಿಂದಿಗೆಗಳ, ಡಬ್ಬಿಗಳ ಉದ್ದನೆಯ ಸಾಲು. ಒಂದು ನಲ್ಲಿಯ ಸುತ್ತ ಹೆಂಗಸರು, ಶಾಲೆಯ ಉಡುಪಿನ ಹುಡುಗಿಯರು. ಸರದಿಗಾಗಿ ಜಗಳ, ಜಗಳದ ನಡುವೆ ನಗು. ಮಾತು ಬಂಗಾಳಿ, ತಮಿಳು, ತೆಲುಗು, ಹಿಂದಿ. ಆದರೆ ದೃಶ್ಯವು ಪೂರ್ತಿಯಾಗಿ ನಮ್ಮ ಕೋಸಗಿಯದು. "ನೋಡಪ್ಪ, ಸುತ್ತ ಸಮುದ್ರ ಇಟ್ಕೊಂಡು ಕೊಡ ನೀರಿಗೆ ಪಾಳಿ ಹಚ್ಚ್ಯಾರ" ಎಂದರು ತಾಯಿಯವರು.

ನೀರು ತಂದ ಹೆಂಗಸು ಆಗಲೇ ಅವರ ಪಕ್ಕದಲ್ಲಿ ಬಂದು ಕುಳಿತಿದ್ದಳು. ಶ್ರೀಕಾಕುಳದ ಕಡೆಯವಳು. ಕೂಲಿಗೆಂದು ಬಂದ ಗಂಡನ ಹಿಂದೆ ಬಂದು ಇಲ್ಲಿಯೇ ನಿಂತವಳು. ಅವರ ಮನೆಯ ಕಡೆ ದಿನ ಬಿಟ್ಟು ದಿನ ನೀರು, ಬೇಸಿಗೆ ಬಿಗಿದರೆ ಅದಕ್ಕಿಂತಲೂ ಅಪರೂಪ. ಆ ದಿನ ನಸುಕಿನಲ್ಲಿ ಎದ್ದು ಮನೆಗೆ ತುಂಬಿಸಿ, ಆಮೇಲೆ ಅತಿಥಿಗಳ ಹಾಸಿಗೆಬಟ್ಟೆ ಒಗೆಯಲು ಬಂದಿದ್ದಳು. ವಸತಿಗೃಹಕ್ಕೆ ಟ್ಯಾಂಕರು ಬರುವುದು ಒಂಬತ್ತು ಗಂಟೆಗೆ. ಒಗೆಯುವ ಕೆಲಸಕ್ಕೆಂದು ತೊಟ್ಟಿಯಲ್ಲಿ ಉಳಿಸಿದ್ದ ನೀರಿನಿಂದ, ಮುದುಕಿಗೆ ಮುಖ ತೊಳೆಯಲಾದರೂ ಇರಲೆಂದು, ಆ ಒಂದು ಬಕೀಟನ್ನು ಮೇಲಕ್ಕೆ ಹೊತ್ತು ತಂದಿದ್ದಳು. ಅದು ಎಲ್ಲಿ ಹೋಯಿತೆಂದು ತಾಯಿಯವರು ಕೇಳಿದರು. ನಮ್ಮ ಒದ್ದೆಯ ತಲೆಯೇ ಉತ್ತರವಾಗಿತ್ತು.

ಅವರು ಬಯ್ಯಲಿಲ್ಲ. "ರೊಕ್ಕ ಕೊಟ್ಟೀವಂತ ನೀರು ಸುರುವಿಕೊಳ್ಳಾದೇನು? ರೊಕ್ಕ ಕೋಣೆಗೆ ಕೊಟ್ಟೀವಿ, ನೀರಿಗಲ್ಲ" ಎಂದಷ್ಟೇ ಅಂದರು. ನಾವು ಜೋಡಿಸಿಕೊಂಡಿದ್ದ ಕಠಿಣವಾದ ಮಾತುಗಳು ಗಂಟಲಿನಲ್ಲಿಯೇ ಕರಗಿದವು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಈ ಕೊರತೆ ಏಕೆ ಎಂಬ ಪ್ರಶ್ನೆಯು ವಾಚಕರಿಗೂ ಹುಟ್ಟಬಹುದು. ನಮ್ಮ ಪಶ್ಚಿಮ ಕರ್ನೂಲಿನಲ್ಲಿ ಒಳ್ಳೆಯ ವರ್ಷವೆಂದರೂ ಆರುನೂರರ ಆಸುಪಾಸು. ಐದು ಪಟ್ಟು ಮಳೆಯವರೂ ನಾವೂ ಒಂದೇ ಪಾಳಿಯಲ್ಲಿ ನಿಂತದ್ದು ಹೇಗೆ? ದ್ವೀಪವು ಇಕ್ಕಟ್ಟಾದದ್ದು, ಗುಡ್ಡಗಳು ಕಡಿದಾದವು. ಬಿದ್ದ ಮಳೆಯು ಇಂಗುವ ಮೊದಲೇ ಹಳ್ಳವಾಗಿ ಕಡಲನ್ನು ಸೇರುತ್ತದೆ. ನದಿಯೆಂದು ಹೇಳಿಕೊಳ್ಳುವಂತಹ ಕಾಲ್‌ಪಾಂಗ್ ಇರುವುದು ದೂರದ ಉತ್ತರ ಅಂಡಮಾನಿನಲ್ಲಿ. ರಾಜಧಾನಿಯು ಬಹುಮಟ್ಟಿಗೆ ಧನಿಖಾರಿ ಎಂಬ ಒಂದು ಅಣೆಕಟ್ಟನ್ನು ನೆಚ್ಚಿಕೊಂಡಿದೆ. ಮೇ ತಿಂಗಳ ನಡುವೆಯೋ ಕೊನೆಗೋ ಮುಂಗಾರು ಬರುವತನಕ ಅದರ ನೀರನ್ನು ಅಳೆದು ಬಿಡಬೇಕು. ಊರಿನ ಜನಸಂಖ್ಯೆಯು 2011ರಲ್ಲಿಯೇ ಲಕ್ಷವನ್ನು ಮೀರಿತ್ತು. ಅದರ ಮೇಲೆ ನಮ್ಮಂತಹ ಪ್ರವಾಸಿಗರ ಹೊರೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಇಲ್ಲಿಯ ನೆಲವೇ ತಗ್ಗಿ, ಸಮೀಪದ ಸಿಪ್ಪಿಘಾಟಿನ ಗದ್ದೆಗಳಿಗೆ ಉಪ್ಪುನೀರು ನುಗ್ಗಿದ್ದನ್ನು ಬಸ್ಸಿನಲ್ಲಿ ಹೋಗುವಾಗ ಇಂದಿಗೂ ಕಾಣಬಹುದು.

ಮರುದಿನ ದೋಣಿಯಲ್ಲಿ ಹೋಗಿ ಕಂಡ ರಾಸ್ ದ್ವೀಪವೂ ಇದೇ ಪಾಠವನ್ನು ಹೇಳಿತು. 2018ರಿಂದ ಅದಕ್ಕೆ ನೇತಾಜಿಯವರ ಹೆಸರಿದೆ. 1858ರ ಮಾರ್ಚಿಯಲ್ಲಿ ಡಾಕ್ಟರ್ ವಾಕರನು ಇನ್ನೂರು ಕೈದಿಗಳೊಡನೆ ಬಂದು ಮೊದಲು ಇಳಿದದ್ದು ಚಾಥಮ್ ದ್ವೀಪದಲ್ಲಿ. ಅಲ್ಲಿ ಸಿಹಿನೀರು ಸಾಲದೆ ಅವನು ರಾಸ್ ದ್ವೀಪಕ್ಕೆ ನೆಲೆಯನ್ನು ಬದಲಾಯಿಸಬೇಕಾಯಿತು. ಆಳುವವರ ಮುಖ್ಯಸ್ಥಾನವು ಬಹುಕಾಲ ಅಲ್ಲಿಯೇ ಇದ್ದು, 1941ರ ಭೂಕಂಪ, 1942ರ ಜಪಾನೀಯರ ಆಕ್ರಮಣಗಳ ತರುವಾಯ ಹಾಳುಬಿತ್ತು. ಇಂದು ಅರಮನೆಯಂತಹ ಮನೆಗಳ ಗೋಡೆಗಳನ್ನು ಆಲದ ಬೇರುಗಳು ತಬ್ಬಿ ನಿಂತಿವೆ, ಜಿಂಕೆಗಳು ಮೇಯುತ್ತಿವೆ. ಒಂದು ಸಾಮ್ರಾಜ್ಯವೂ ಈ ಊರಿನಲ್ಲಿ ಮೊದಲು ಹುಡುಕಿದ್ದು ಒಂದು ಕೊಡ ಸಿಹಿನೀರನ್ನೇ.

ಆ ರಾತ್ರಿ ನಮ್ಮ ಮನೆಯವರು ತಾವಾಗಿಯೇ ಹೇಳಿದರು: "ಕಡಲ ದಂಡೆಯ ಬಂಗಲೆಯಲ್ಲಿ ಇಳಿದಿದ್ದರೆ ಇದೊಂದೂ ತಿಳೀತಿರಲಿಲ್ಲ, ಅಲ್ರೀ?" ಈ ಮಾತು ನಿಜ. ಅಲ್ಲಿಯೂ ನೀರು ಟ್ಯಾಂಕರಿನಲ್ಲಿಯೇ ಬರುತ್ತಿರಬಹುದು. ಆದರೆ ಬರುವುದು ಅತಿಥಿಯ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮನೆಗಳಲ್ಲಿ ಹೊರಗಿನವರನ್ನು ಪಡಸಾಲೆಯಲ್ಲಿ ಕೂಡಿಸುತ್ತೇವೆ, ಬಳಗದವರನ್ನು ನಡುಮನೆಗೆ ಕರೆಯುತ್ತೇವೆ. ಪಡಸಾಲೆಯಲ್ಲಿ ಕುಳಿತವನಿಗೆ ಕಾಣುವುದು ಹಾಸಿದ ಜಮಖಾನ ಮಾತ್ರ. ನಡುಮನೆಗೆ ಬಂದವನಿಗೆ ಬರಿದಾದ ಹಗೇವೂ ಕಾಣುತ್ತದೆ, ಅರ್ಧ ತುಂಬಿದ ಹಂಡೆಯೂ ಕಾಣುತ್ತದೆ. ಕಂಡ ಮೇಲೆ ಅವನು ಎರಡನೆಯ ಸಲ ನೀಡಿಸಿಕೊಳ್ಳಲಾರ. ನಗರದ ಮಧ್ಯದಲ್ಲಿ ಇಳಿದುಕೊಳ್ಳುವುದೆಂದರೆ ನಡುಮನೆಗೆ ಬಂದಂತೆ. ಅಂಗಡಿ ಹತ್ತಿರ, ಬಸ್ಸು ಹತ್ತಿರ ಎಂಬ ಅನುಕೂಲಗಳು ಇದ್ದೇ ಇವೆ; ಅವುಗಳ ಜೊತೆಗೆ ಬಳಗದವನ ಹೊಣೆಯೂ ಬರುತ್ತದೆ.

ಉಳಿದ ದಿನಗಳಿಗೆ ತಾಯಿಯವರು ಕಟ್ಟಳೆ ಹಾಕಿದರು. ತಲೆಗೆ ಒಂದೇ ಬಕೀಟು. ಹೊರಡುವ ತನಕ ಹಾಸಿಗೆಯ ಬಟ್ಟೆ ಬದಲಿಸುವುದು ಬೇಡ. ಬಟ್ಟೆ ಜಾಲಿಸಿದ ನೀರು ಶೌಚಕ್ಕೆ. ನಮ್ಮೂರಿನಲ್ಲಿ ಮಕ್ಕಳೂ ಅರಿತಿರುವ ಈ ಕಟ್ಟಳೆಗಳನ್ನು ನಾವು ಹೇಗೆ ಮರೆತೆವು? ತುಂಗಭದ್ರೆಯು ಕೆಲವೇ ಹರದಾರಿಗಳ ಆಚೆ ಹರಿಯುತ್ತಿದ್ದರೂ, ಅವಳ ಕೆಳಮಟ್ಟದ ಕಾಲುವೆಯು ನಮ್ಮ ಸೀಮೆಗೆ ಬಂದಿದ್ದರೂ, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದು ದೈವಯೋಗ. ಮಳೆ ತಪ್ಪಿದ ವರ್ಷ ಕೋಸಗಿಯ ಎಷ್ಟೋ ಮನೆಗಳು ಬೀಗ ಹಾಕಿ ಗುಂಟೂರು ಕಡೆಯ ಮೆಣಸಿನಕಾಯಿ, ಹತ್ತಿ ಬಿಡಿಸುವ ಕೆಲಸಕ್ಕೆ ಹೋಗುತ್ತವೆ. ಆ ಮಕ್ಕಳು ಪರರ ಹೊಲದ ಬದುವಿನಲ್ಲಿ ಗುಡಿಸಲು ಹಾಕಿ, ಪರರ ಬಾವಿಯ ನೀರನ್ನು ಕೇಳಿ ಕುಡಿಯುತ್ತಾರೆ. ಶ್ರೀಕಾಕುಳದ ಆ ತಾಯಿಯು ಕಡಲನ್ನು ದಾಟಿದ್ದೂ ಅದೇ ಕಾರಣಕ್ಕೆ. ಇಂತಹ ಊರಿನವರಾದ ನಾವು, ಕೋಣೆಯ ಬೀಗದ ಕೈ ನಮ್ಮ ಕೈಗೆ ಬಂದ ಕೂಡಲೇ ಒಡೆಯರಾಗಿಬಿಟ್ಟೆವು. ಕಾಸು ಮನುಷ್ಯನ ನೆನಪನ್ನು ಇಷ್ಟು ಬೇಗ ತೊಳೆಯಬಲ್ಲದೆಂದು ನಾವು ತಿಳಿದಿರಲಿಲ್ಲ.

ನಾಲ್ಕನೆಯ ರಾತ್ರಿ ಕಳೆದು ಲೆಕ್ಕ ತೀರಿಸುವಾಗ ಕಟ್ಟೆಯ ಯುವಕನು ಅತಿಥಿಗಳ ಅಭಿಪ್ರಾಯದ ಪುಸ್ತಕವನ್ನು ಮುಂದಿಟ್ಟ. ಹಿಂದಿನ ಹಾಳೆಗಳನ್ನು ತಿರುವಿದೆವು. ಬಂಗಾಳಿ, ಹಿಂದಿ, ತಮಿಳು, ತೆಲುಗು, ಇಂಗ್ಲಿಷು. ಬಹಳ ಕಡೆ, ನೀರಿನ ತೊಂದರೆಯಾಯಿತೆಂಬ ದೂರು. ಏನು ಬರೆಯೋಣವೆಂದು ತಾಯಿಯವರನ್ನು ಕೇಳಿದೆವು. "ಈ ಊರಿನ ನೀರಿನ ಋಣ ನಮ್ಮ ಮ್ಯಾಲೈತಿ ಅಂತ ಬರಿ. ನಮ್ಮ ಭಾಷೇಲೇ ಬರಿ" ಎಂದರು. ಹಾಗೆಯೇ ದುಂಡಗಿನ ಕನ್ನಡದಲ್ಲಿ ಬರೆದೆವು. ಯುವಕನು ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು ಓದಲು ನೋಡಿ, "ತೆಲುಗಿನಂತೆಯೇ ಇದೆ, ಆದರೆ ಅಲ್ಲ" ಎಂದ. ನಾವು ಓದಿ ಹೇಳಿದೆವು. 'ಋಣ' ಎಂಬ ಮಾತಿಗೆ ಅನುವಾದವೇ ಬೇಕಾಗಲಿಲ್ಲ. ಒಗೆದ ಬಟ್ಟೆಯ ಗಂಟನ್ನು ಹೊತ್ತು ಬಾಗಿಲಲ್ಲಿ ನಿಂತಿದ್ದ ಆ ಹೆಂಗಸಿಗೂ ಅದು ತಿಳಿಯಿತು. ತಾಯಿಯವರು ಅವಳ ಕೈಹಿಡಿದು, ಕೋಸಗಿಗೆ ಬಂದರೆ ನಮ್ಮಲ್ಲಿಗೆ ಬರಬೇಕೆಂದು ಕರೆದರು. ಅವಳು ಬರುವುದು ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಕರೆಯುವುದು ನಮ್ಮ ಪದ್ಧತಿ.

ವಾಚಕರೇ, ನೀವು ಅಂಡಮಾನಿಗೆ ಹೋಗುವಿರಾದರೆ ಅವಶ್ಯವಾಗಿ ನಗರದ ಮಧ್ಯದಲ್ಲಿಯೇ ಇಳಿದುಕೊಳ್ಳಿರಿ. ಜೈಲನ್ನು ನೋಡಿರಿ, 1943ರ ಡಿಸೆಂಬರ್ 30ರಂದು ನೇತಾಜಿಯವರು ಧ್ವಜವೇರಿಸಿದ ಸ್ಥಳವನ್ನು ನೋಡಿರಿ, ಸಂಜೆಯ ಬಜಾರಿನಲ್ಲಿ ಹತ್ತು ಭಾಷೆಗಳನ್ನು ಕೇಳುತ್ತ ನಡೆಯಿರಿ. ಬೇಸಿಗೆಯಲ್ಲಿ ಹೋಗುವುದಾದರೆ, ನಲ್ಲಿಯನ್ನು ತಿರುಗಿಸುವ ಮೊದಲು ಕಿಟಕಿಯಿಂದ ಒಮ್ಮೆ ಹಿಂದಿನ ಓಣಿಯನ್ನೂ ನೋಡಿರಿ. ಅಂಡಮಾನಿಗೇ ಏಕೆ, ಮಂತ್ರಾಲಯದ ಛತ್ರಕ್ಕೆ ಹೋದರೂ, ಬೆಂಗಳೂರಿನ ವಸತಿಗೃಹಕ್ಕೆ ಹೋದರೂ ಈ ಮಾತು ಸಲ್ಲುತ್ತದೆ. ಅತಿಥಿಯನ್ನು ಸತ್ಕರಿಸುವ ಧರ್ಮವನ್ನು ನಮಗೆ ಎಲ್ಲರೂ ಕಲಿಸಿದ್ದಾರೆ. ಅತಿಥಿಯಾಗಿರುವ ಧರ್ಮವನ್ನು ನಾವೇ ಕಲಿಯಬೇಕಾಗಿದೆ.

ಊರಿಗೆ ಮರಳಿದ ಸಂಜೆ ಆ ಹಿರಿಯರು ಮತ್ತೆ ಬಂದು, "ಏನು ಕಂಡೆವ್ವಾ ಕರಿನೀರಿನಾಗ?" ಎಂದು ತಾಯಿಯವರನ್ನು ಕೇಳಿದರು. ತಾಯಿಯವರು ಅವರ ಮುಂದೆ ಒಂದು ಚೆಂಬು ನೀರನ್ನಿಟ್ಟು, "ಮೊದ್ಲು ಇದನ್ನ ಕುಡೀರಿ, ಆಮ್ಯಾಕ ಹೇಳ್ತೀನಿ" ಎಂದರು.